ಕರಡಿ ರಸ್ತೆ ದಾಟುವ ಹೊತ್ತು

ಸರಿಯಾಗಿ ಹತ್ತೂವರೆಗೆ ಕರಡಿ ಎದ್ದು ನಿಂತಿತು. ಮುಂಗಾಲು ಚಾಚಿ ಮೈ ಮುರಿದು, ಇಸ್ತ್ರಿ ಮೇಜಿನ ಕೆಳಗಿನಿಂದ ಹೊರಬಂದು, ರಸ್ತೆಯ ಎರಡೂ ಕಡೆ ನೋಡಿ, ಕಚೇರಿಗೆ ಹೊರಟ ಗುಮಾಸ್ತನ ಗಾಂಭೀರ್ಯದಲ್ಲಿ ಎದುರಿನ ಹೂವಿನ ಅಂಗಡಿಗೆ ನಡೆದುಹೋಯಿತು. ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ. ಮೇಜಿನ ಹಿಂದೆ ನಿಂತಿದ್ದ ಹಿರಿಸೊಸೆ ವಕೀಲರ ಅಂಗಿಯ ಕಾಲರಿನ ಮೇಲೆ ಇಸ್ತ್ರಿಪೆಟ್ಟಿಗೆಯನ್ನು ಬೇಕಾದದ್ದಕ್ಕಿಂತ ತುಸು ಹೆಚ್ಚು ಹೊತ್ತೇ ಒತ್ತಿಹಿಡಿದಳು.

ಹೂವಿನ ಅಂಗಡಿ ಅವಳ ಮೈದುನನ ಹೆಂಡತಿಯದು. ಮನೆ ಒಂದೇ, ಅತ್ತೆ ಒಬ್ಬಳೇ, ಅಂಗಡಿಗಳು ಎದುರುಬದುರು. ಗಂಡಂದಿರಿಬ್ಬರೂ ಕಾರ್ಖಾನೆಯಲ್ಲಿದ್ದು, ಹಗಲಿನ ವಿದ್ಯಮಾನಗಳಲ್ಲಿ ಅವರಿಗೆ ಪಾತ್ರವಿರಲಿಲ್ಲ. ಇಸ್ತ್ರಿ ಅಂಗಡಿಗೆ ತಗಡಿನ ಸೂರು. ಬೇಸಿಗೆಯಲ್ಲಿ ಮೇಲಿನಿಂದ ಸೂರು, ಕೆಳಗಿನಿಂದ ಪೆಟ್ಟಿಗೆ, ನಡುವೆ ಹಿರಿಸೊಸೆ. ಎದುರಿನ ಅಂಗಡಿಗೆ ಕಲ್ಲಿನ ನೆಲ. ಬಿಸಿಲು ಅತ್ತ ತಲೆ ಹಾಕುತ್ತಿರಲಿಲ್ಲ. ಬಕೆಟ್ಟುಗಳಲ್ಲಿ ಗುಲಾಬಿ, ಬುಟ್ಟಿಗಳ ಮೇಲೆ ಒದ್ದೆ ಗೋಣಿ, ದಿನಕ್ಕೆ ಮೂರು ಸಲ ನೆಲಕ್ಕೆ ನೀರು.

ಬಿಸಿಲು ಏರಿದಾಗಿನಿಂದ ಅತ್ತೆಯೂ ತನ್ನ ಕುರ್ಚಿಯನ್ನು ಅಲ್ಲಿಗೇ ಸಾಗಿಸಿದ್ದಳು. ಅದಕ್ಕೆ ಹಿರಿಸೊಸೆಗೆ ಬೇಸರವಾಗಿರಲಿಲ್ಲ. ನಿಜ ಹೇಳಬೇಕೆಂದರೆ ಅಂಗಡಿ ಸ್ವಲ್ಪ ವಿಶಾಲವಾದಂತೆ ಕಂಡಿತ್ತು. ನಾಯಿಯ, ಅಂದರೆ ಕರಡಿಯ, ವಿಷಯ ಬೇರೆ. ಆರು ವರ್ಷದ ಹಿಂದೆ ಚರಂಡಿಯ ಪಕ್ಕದಿಂದ ಅದನ್ನು ಎತ್ತಿ ತಂದು, ಹತ್ತಿಯಲ್ಲಿ ಹಾಲು ಅದ್ದಿ ಬಾಯಿಗಿಟ್ಟು, ಒಗೆದ ಬಟ್ಟೆಯ ಗಂಟಿನಲ್ಲಿ ಮಲಗಿಸಿ ಬೆಳೆಸಿದವಳು ಅವಳು. ಮದುವೆಯಾಗಿ ಬಂದ ವರ್ಷವೇ ಕಿಟಕಿ ಇರುವ ಕೋಣೆ, ಅತ್ತೆಯ ಬಾಯಿಂದ ‘ನಮ್ಮ ಹುಡುಗಿ’ ಎಂಬ ಮಾತು, ಎಲ್ಲವನ್ನೂ ನಗುತ್ತ ನಗುತ್ತ ಪಡೆದುಕೊಂಡಿದ್ದ ಓರಗಿತ್ತಿಗೆ ಈ ಕಪ್ಪು ಕೂದಲಿನ ರಾಶಿಯೊಂದು ಮಾತ್ರ ಸಿಕ್ಕಿರಲಿಲ್ಲ.

“ಏನಮ್ಮಾ, ನಿನ್ನ ನಾಯಿಗೂ ವರ್ಗ ಆಯ್ತಾ?” ಪ್ಯಾಂಟು ಒಯ್ಯಲು ಬಂದಿದ್ದ ನಿವೃತ್ತ ಹೆಡ್‌ಮಾಸ್ತರರು ಕೇಳಿದರು.

“ಡೆಪ್ಯುಟೇಷನ್ ಸಾರ್. ಬೇಸಿಗೆ ಮುಗಿಯೋ ತನಕ.”

“ಡೆಪ್ಯುಟೇಷನ್ ಮೇಲೆ ಹೋದವರು ವಾಪಸ್ ಬಂದಿದ್ದನ್ನ ನನ್ನ ಸರ್ವಿಸ್‌ನಲ್ಲಿ ನಾನು ನೋಡಿಲ್ಲ.”

ಎದುರಿನಿಂದ ಧ್ವನಿ ತೇಲಿಬಂತು. “ಬಂದ್ಯಾ ನನ್ನ ಚಿನ್ನಾ? ಕಾಲು ಸುಡ್ತಾ?” ಚಿನ್ನನೆಂದರೆ ಕರಡಿಯೇ. ಆ ಹೆಸರಿಗೂ ಅದರ ಬಾಲ ಅಲ್ಲಾಡಿದ್ದು ಇಲ್ಲಿಂದಲೇ ಕಾಣಿಸಿತು. ಹೆಡ್‌ಮಾಸ್ತರರ ಪ್ಯಾಂಟಿನ ಮಡಿಕೆಯ ಗೆರೆ ಆ ದಿನ ಕತ್ತಿಯ ಅಲಗಿನಂತೆ ಬಂದಿತ್ತು.

ಮೂರು ದಿನ ಅವಳು ಗಮನಿಸಿದಳು. ಓರಗಿತ್ತಿ ಮಾಡುವುದೇನು ಮಹಾ? ಗೋಣಿ ನೆನೆಸುತ್ತಾಳೆ, ಹೂವಿನ ಮೇಲೆ ಹೊದಿಸುತ್ತಾಳೆ, ಹೂವು ಸಂಜೆತನಕ ಬಾಡುವುದಿಲ್ಲ. ನಾಯಿ ಹೋಗಿ ಆ ಗೋಣಿಯ ಪಕ್ಕ ಬೀಳುತ್ತದೆ. ಗುಟ್ಟು ಒದ್ದೆ ಬಟ್ಟೆಯಲ್ಲಿದೆ ಎಂದಾದರೆ, ಆ ವಿಷಯದಲ್ಲಿ ತನಗೆ ಪಾಠ ಹೇಳುವವರು ಈ ಬೀದಿಯಲ್ಲಿ ಯಾರೂ ಇಲ್ಲ ಎಂದುಕೊಂಡಳು.

ನಾಲ್ಕನೆಯ ದಿನ ಹತ್ತು ಗಂಟೆಗೇ ಕರಡಿಯನ್ನು ಹಿಂದಿನ ಕೋಣೆಗೆ ಕರೆದೊಯ್ದಳು. ಬಟ್ಟೆ ಗಂಟುಗಳನ್ನಿಡುವ ಕೋಣೆ ಅದು. ಪೈಜಾಮದ ಲಾಡಿಯಿಂದ ಅದನ್ನು ಕಬ್ಬಿಣದ ಕಪಾಟಿನ ಕಾಲಿಗೆ ಕಟ್ಟಿ, ಇಬ್ಬರು ಮಲಗುವ ಮಂಚದ ದಪ್ಪ ಹಾಸನ್ನು ಬಕೆಟ್ಟಿನಲ್ಲಿ ಅದ್ದಿ, ನಾಲ್ಕು ಮಡಿಕೆ ಮಾಡಿ ಕುತ್ತಿಗೆಯಿಂದ ಬಾಲದವರೆಗೆ ಹೊದಿಸಿದಳು. ಕರಡಿಗೆ ಹಾಯೆನಿಸಿತೋ ಏನೋ, ಅವಳ ಮೊಣಕೈ ನೆಕ್ಕಿತು. “ನೋಡಿದ್ಯಾ? ಇಲ್ಲೇನು ಕಮ್ಮಿ ನಿಂಗೆ?” ಎಂದಳು. ತಂಪು ಹೊರಗೆ ಹೋಗದಿರಲಿ ಎಂದು ಬಾಗಿಲು ಮುಚ್ಚಿದಳು. ನಾಯಿಗೆ ರಸ್ತೆ ಕಾಣದಿರಲಿ ಎಂಬ ಕಾರಣವನ್ನು ತನಗೂ ಹೇಳಿಕೊಳ್ಳಲಿಲ್ಲ.

ಹತ್ತೂವರೆಗೆ ಒಳಗಿನಿಂದ ನೆಲ ಕೆರೆಯುವ ಸದ್ದು. ಆಮೇಲೆ ಜೋರು ಏದುಸಿರು. ಎದುರು ಅಂಗಡಿಯಲ್ಲಿ ಓರಗಿತ್ತಿ ಎರಡು ಸಲ ರಸ್ತೆಯ ಕಡೆ ಇಣುಕಿದ್ದನ್ನು ಹಿರಿಸೊಸೆ ಎಣಿಸಿದಳು. ಹನ್ನೊಂದಕ್ಕೆ ಅವಳು ಕೈ ಒರೆಸಿಕೊಳ್ಳುತ್ತ ದಾಟಿಯೇ ಬಂದಳು.

“ಅಕ್ಕಾ, ಇವತ್ತು ಚಿನ್ನ ಬರ್ಲೇ ಇಲ್ವಲ್ಲ?”

“ಅದರ ಹೆಸರು ಕರಡಿ.”

“ಹೂಂ, ಕರಡಿ. ಹುಷಾರಾಗಿದೆ ತಾನೆ?”

“ಇಲ್ಲೇ ಮಲಗಿದೆ. ಅದಕ್ಕೆ ಇಲ್ಲೇ ಹಿತ ಅಂತೆ.”

“ಅದೇ ಹೇಳ್ತಾ?”

“ಬಾಯಿಬಿಟ್ಟು ಹೇಳ್ಬೇಕಾ? ಸಾಕಿದವರಿಗೆ ಗೊತ್ತಾಗುತ್ತೆ.”

ಓರಗಿತ್ತಿ ಒಂದು ಗಳಿಗೆ ನಿಂತು, ಹಿಂದಿನ ಬಾಗಿಲ ಕಡೆ ನೋಡಿ, ಹೊರಟುಹೋದಳು. ಅವಳ ಮುಖ ಸಪ್ಪಗಾಗಿದ್ದನ್ನು ಕಂಡು ಹಿರಿಸೊಸೆಗೆ ಆ ತಿಂಗಳಲ್ಲೇ ಮೊದಲ ಸಲ ಹೊಟ್ಟೆ ತಣ್ಣಗಾಯಿತು. ಅಷ್ಟರಲ್ಲಿ ಏದುಸಿರೂ ನಿಂತಿತ್ತು. ನಿದ್ದೆ ಬಂತು ಎಂದುಕೊಂಡು ಇನ್ನೂ ನಾಲ್ಕು ಅಂಗಿ ಮುಗಿಸಿದಳು.

ಐದನೆಯ ಅಂಗಿಗೆಂದು ಬಾಗಿಲು ತೆರೆದರೆ ಒಳಗಿನ ಗಾಳಿ ಮುಖಕ್ಕೆ ಅಂಟಿತು. ಹಾಸಿನ ಮೇಲೆ ಕೈಯಿಟ್ಟಳು. ಬಿಸಿ. ಪೆಟ್ಟಿಗೆಯಡಿಯಿಂದ ಆಗತಾನೆ ಎಳೆದ ಬಟ್ಟೆಯ ಹಬೆಯಂಥ ಬಿಸಿ. ಒದ್ದೆ ಬಟ್ಟೆಗೆ ಕಾವು ತಗುಲಿದರೆ ಏನಾಗುತ್ತದೆಂದು ಹದಿನೆಂಟು ವರ್ಷ, ದಿನಕ್ಕೆ ನೂರು ಸಲ ನೋಡಿದವಳು ಅವಳು. ಹಾಸು ಕಿತ್ತೆಸೆದಳು. ಕರಡಿಯ ನಾಲಿಗೆ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಬಾಯಿಂದ ದಪ್ಪ ಜೊಲ್ಲು ಇಳಿಯುತ್ತಿತ್ತು. ಎತ್ತಿ ನಿಲ್ಲಿಸಿದರೆ ಕಾಲು ನಿಲ್ಲಲಿಲ್ಲ. ಕಣ್ಣು ಅವಳ ಕಡೆಗಿತ್ತು, ಅವಳನ್ನು ನೋಡುತ್ತಿರಲಿಲ್ಲ.

ಬಾಗಿಲಿಗೆ ಬಂದಳು; ಕರೆಯಬಹುದಾದವಳು ಈ ಬೀದಿಯಲ್ಲಿ ಒಬ್ಬಳೇ ಇದ್ದಳು. “ಬಾರೇ,” ಎಂದಳು. ಎರಡನೆಯ ಸಲ ಕೂಗಿದಳು.

ಅದೇ ಹಾಸಿನ ಮೇಲೆ ಮಲಗಿಸಿ, ಒಬ್ಬೊಬ್ಬರು ಎರಡೆರಡು ತುದಿ ಹಿಡಿದು, ಸುಡುವ ರಸ್ತೆ ದಾಟಿ ಹೂವಿನ ಅಂಗಡಿಯ ಕಲ್ಲುನೆಲದ ಮೇಲೆ ಇಳಿಸಿದರು. ಓರಗಿತ್ತಿ ಬಕೆಟ್ಟಿನ ಗುಲಾಬಿಗಳನ್ನು ನೆಲಕ್ಕೆ ಸುರಿದು, ಆ ನೀರನ್ನು ನಾಯಿಯ ಹೊಟ್ಟೆ, ತೊಡೆಸಂದು, ಅಂಗಾಲುಗಳ ಮೇಲೆ ಹೊಯ್ದಳು. ಫ್ಯಾನನ್ನು ನೆಲಕ್ಕಿಳಿಸಿ ಅದರತ್ತ ತಿರುಗಿಸಿದಳು. ಹಿರಿಸೊಸೆ ಮಂಜುಗಡ್ಡೆ ತರಲು ಓಡಹೊರಟಾಗ ತೋಳು ಹಿಡಿದು ನಿಲ್ಲಿಸಿದಳು. “ಐಸ್ ಬೇಡ ಅಕ್ಕಾ. ಒಮ್ಮೆಲೇ ಅಷ್ಟು ತಣ್ಣಗೆ ಮಾಡಬಾರ್ದು. ನಲ್ಲಿ ನೀರು ಸಾಕು, ಹುಯ್ತಾ ಇರಿ.”

ಅತ್ತೆ ಕುರ್ಚಿಯಿಂದಲೇ ಡಾಕ್ಟರಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳಿಸುವಂತೆ ಹಿಡಿದಳು. ಮೊದಲು ಮೈ ತಣಿಸಿ, ಆಮೇಲೆ ತಡಮಾಡದೆ ಕರೆತನ್ನಿ ಎಂದಿತು ಫೋನು. ಎಲ್ಲಿತ್ತು, ಎಷ್ಟು ಹೊತ್ತಿತ್ತು ಎಂದೂ ಕೇಳಿತು.

ಹಿರಿಸೊಸೆಯ ಕೈಯಲ್ಲಿದ್ದ ಚೊಂಬು ನಿಂತಿತು.

“ಬಿಸಿಲಲ್ಲಿ ಅಲೆದು ಬಂದಿದೆ ಡಾಕ್ಟ್ರೇ,” ಎಂದಳು ಓರಗಿತ್ತಿ, ತಲೆ ಎತ್ತದೆ. “ಯಾರೂ ನೋಡ್ಲಿಲ್ಲ.”

ಅತ್ತೆ ತಲೆದೂಗಿದಳು. ಮಾತು ಅಲ್ಲಿಗೇ ಮುಗಿಯಬಹುದಿತ್ತು. ಕಿಟಕಿ ಇರುವ ಕೋಣೆ ಅವಳಿಗೆ, ಅತ್ತೆ ಅವಳಿಗೆ, ತಂಪು ನೆಲ ಅವಳಿಗೆ. ಈಗ ತನ್ನ ಮಾನ ಕಾಯುವ ದೊಡ್ಡಸ್ತಿಕೆಯೂ ಅವಳಿಗೇ ಸಲ್ಲಬೇಕೆ? ಹಿರಿಸೊಸೆಗೆ ಪಶ್ಚಾತ್ತಾಪಕ್ಕಿಂತ ಮೊದಲು ಉಕ್ಕಿ ಬಂದದ್ದು ಅದು.

“ಸುಳ್ಳು,” ಎಂದಳು. “ನಾನೇ ಕಟ್ಟಿಹಾಕಿದ್ದೆ. ಒದ್ದೆ ಹಾಸು ಹೊದಿಸಿ, ಬಾಗಿಲು ಹಾಕಿ. ಒಂದೂವರೆ ಗಂಟೆ.”

ಅತ್ತೆ ಫೋನನ್ನು ಕಿವಿಗಿಟ್ಟುಕೊಂಡಳು. ಡಾಕ್ಟರು ಏನೆಂದರೆಂದು ಯಾರಿಗೂ ಹೇಳಲಿಲ್ಲ.

ಕರಡಿಗೆ ಆ ಮಧ್ಯಾಹ್ನವೆಲ್ಲ ಗ್ಲೂಕೋಸ್ ಏರಿಸಿದರು. ಸಂಜೆ ಐದಕ್ಕೆ ಅದು ಬಾಲದ ತುದಿಯನ್ನು ಮಾತ್ರ ಅಲ್ಲಾಡಿಸಿತು. ಆಸ್ಪತ್ರೆಯ ಬೆಂಚಿನ ಮೇಲೆ ಇಬ್ಬರೂ ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕುಳಿತಿದ್ದರು.

“ನಿಮಗೆ ಹೊಟ್ಟೆಕಿಚ್ಚು ಅಂತ ನಂಗೊತ್ತು ಅಕ್ಕಾ,” ಎಂದಳು ಓರಗಿತ್ತಿ.

“ಗೊತ್ತಿದ್ದೂ ಚಿನ್ನ ಅಂತ ಕೂಗ್ತಿದ್ದೆ.”

“ಕೂಗ್ತಿದ್ದೆ. ಏಳು ಗಂಟೆ ಹೊತ್ತು ಮಲಗಿರುತ್ತೆ ನನ್ನ ಅಂಗಡೀಲಿ. ನೀವು ಶಟರ್ ಎಳೆಯೋ ಸದ್ದಾಗಲಿ, ಎದ್ದು ಹೊರಟೇ ಹೋಗುತ್ತೆ. ಮನೇಲಿ ನಾನು ಕೈಚಾಚಿದ್ರೆ ದಾಟಿಕೊಂಡು ಹೋಗಿ ನಿಮ್ಮ ಮಂಚದ ಕೆಳಗೆ ಸೇರುತ್ತೆ. ಅದು ಬರೋದು ನೆಲಕ್ಕೆ ಅಕ್ಕಾ, ನಂಗಲ್ಲ.”

ಹಿರಿಸೊಸೆಯ ಮನಸ್ಸಿಗೆ ಹಿತವಾಯಿತು, ಹಿತವಾಗಿದ್ದಕ್ಕೆ ನಾಚಿಕೆಯಾಯಿತು, ಎರಡನ್ನೂ ನುಂಗಿಕೊಂಡಳು.

ಹತ್ತು ದಿನ ತಂಪು ಜಾಗದಲ್ಲೇ ಇರಬೇಕು, ಕಟ್ಟಬಾರದು, ನೀರು ಸದಾ ಎದುರಿಗಿರಬೇಕು ಎಂದಿದ್ದರು ಡಾಕ್ಟರು. ಮರುದಿನ, ರಸ್ತೆ ಕಾದು ಸುಡುವ ಮೊದಲೇ, ಹಿರಿಸೊಸೆ ಕರಡಿಯನ್ನು ಎರಡೂ ತೋಳಿನಲ್ಲಿ ಎತ್ತಿಕೊಂಡು ಎದುರಿಗೆ ನಡೆದಳು. ಅತ್ತೆ ಕುರ್ಚಿಯನ್ನು ಒಂದಿಷ್ಟು ಸರಿಸಿ ದಾರಿ ಬಿಟ್ಟಳು. ನಾಯಿಯನ್ನು ಮಲಗಿಸಿ, ಮತ್ತೆ ರಸ್ತೆ ದಾಟಿ, ಅಂಗಡಿಯಿಂದ ಸ್ಟೀಲಿನ ಬೋಗುಣಿಯಲ್ಲಿ ನೀರು ತುಂಬಿ ತಂದಳು. ಅಷ್ಟರಲ್ಲಿ ಓರಗಿತ್ತಿಯೂ ಒಂದು ಮಣ್ಣಿನ ಬಟ್ಟಲನ್ನು ತುಂಬಿಸಿ ಇಟ್ಟಿದ್ದಳು. ಹಿರಿಸೊಸೆ ತನ್ನದನ್ನು ಅದರ ಪಕ್ಕದಲ್ಲೇ ಇಟ್ಟಳು. ಒಂದು ಬೆರಳಷ್ಟು ಹತ್ತಿರಕ್ಕೆ.

ಕರಡಿ ನಿಧಾನವಾಗಿ ತಲೆ ಎತ್ತಿತು. ಓರಗಿತ್ತಿ ಗುಲಾಬಿಯ ಮುಳ್ಳು ತೆಗೆಯತೊಡಗಿದಳು. ಹಿರಿಸೊಸೆ ರಸ್ತೆಯ ಕಡೆ ತಿರುಗಿ ನಿಂತಳು. ನೀರಿಗೆ ನಾಲಿಗೆ ತಾಗುವ ಸದ್ದು ಕೇಳಿದರೂ ಅದು ಯಾರ ಬಟ್ಟಲಿನದೆಂದು ಇಬ್ಬರೂ ತಿರುಗಿ ನೋಡಲಿಲ್ಲ.