ಮಂಜಿನಲ್ಲಿ ಕೂಗಿದ ಹೆಸರು

ಬೆಟ್ಟ ಹತ್ತುವುದೆಂದರೆ ರುದ್ರವ್ವನಿಗೆ ಅಷ್ಟಕ್ಕಷ್ಟೇ. ಆದರೆ ಎರಡು ಸಾವಿರದ ಐದರ ಮಾರ್ಚ್ ತಿಂಗಳ ಲಾಂಗ್ ವೀಕೆಂಡಿಗೆ ಹೋಗೋಣವೆಂದು ಉಡುಪಿಯ ಕಮಲಾಕ್ಷ ಕೇಳಿದಾಗ ಅವಳ ಗಂಡ ಶಿವಬಸಪ್ಪ ಹೂಂ ಅಂದುಬಿಟ್ಟಿದ್ದ. ಇಬ್ಬರೂ ಪರದೇಶಕ್ಕೆ ಬಂದು ಡಾಕ್‌ಲ್ಯಾಂಡ್ಸಿನ ಒಂದೇ ಬ್ಯಾಂಕಿಗೆ ಸೇರಿದವರು. ಹೂಂ ಅಂದ ಮೇಲೆ ಮುಗಿಯಿತು, ಹುಬ್ಬಳ್ಳಿ ಗಂಡಸು ಮಾತಿಗೆ ತಪ್ಪುವುದುಂಟೆ! ಕ್ರಾನ್‌ಬರ್ನಿನ ಮನೆಯಲ್ಲಿ ರೊಟ್ಟಿ ಬಡಿದು, ಶೇಂಗಾ ಚಟ್ನಿ ಕಟ್ಟಿಕೊಂಡು ರುದ್ರವ್ವನೂ ಬೊಗಾಂಗ್ ಗುಡ್ಡಗಳಿಗೆ ಹೊರಟಳು. ಕಮಲಾಕ್ಷನ ಹೆಂಡತಿ ತುಂಗಾ ನೆಗಡಿಯಿಂದ ಗಂಟಲು ಕಟ್ಟಿಕೊಂಡಿದ್ದರೂ ಬಂದಿದ್ದಳು.

ಮೇಲೆ ಬರೀ ಹುಲ್ಲುಗುಡ್ಡ. ಎರಡು ಗುಡ್ಡದ ನಡುವೆ ತಗ್ಗು, ತಗ್ಗಿನ ತುಂಬ ಜೌಗು. ಹಸಿರು ಪಾಚಿ ನೋಡಲು ಮೆತ್ತನೆ ಹಾಸಿಗೆ. ನಂಬಿ ಕಾಲಿಟ್ಟರೆ ಮೊಣಕಾಲುದ್ದ ಕೆಸರು. ಚಳಿಗಾಲದ ಹಿಮದಲ್ಲಿ ದಾರಿ ತಪ್ಪದಿರಲೆಂದು ಉದ್ದಕ್ಕೂ ಕಂಬ ನೆಟ್ಟಿದ್ದರು.

"ಕಂಬ ಬಿಟ್ಟು ಹೋಗ್ಬೇಡಿ ಮಾರಾಯ್ರೆ. ತಪ್ಪಿಸಿಕೊಂಡ್ರೆ ಇದ್ದಲ್ಲೇ ಕೂತ್ಕೊಳ್ಳಿ," ಎಂದು ಕಮಲಾಕ್ಷ ಬೆಳಗ್ಗೆಯೇ ತಾಕೀತು ಮಾಡಿದ್ದ.

ಊಟವಾದ ಮೇಲೆ ಒಂದು ತಗ್ಗು ದಾಟುವಾಗ ಮಂಜು ಬಂತು. ಬಂತು ಅಂದರೆ ಬಂತೇ, ಚಾಚಿದ ಕೈ ಕಾಣದು! ಮುಂದೆ ಕಮಲಾಕ್ಷ, ಅವನ ಹಿಂದೆ ತುಂಗಾ, ಆಮೇಲೆ ರುದ್ರವ್ವ. ಶೂ ಲೇಸ್ ಕಟ್ಟಲು ನಿಂತ ಶಿವಬಸಪ್ಪ ಎಲ್ಲರಿಗಿಂತ ಹಿಂದೆ.

"ರೀ, ಬರಾಕತ್ತೀರಿಲ್ಲೋ?" ಎಂದು ರುದ್ರವ್ವ ಕೂಗಿದಳು.

"ಓ!" ಎಂದು ಉತ್ತರ ಬಂತು. ಇನ್ನೊಮ್ಮೆ ಕರೆದಳು, ಇನ್ನೊಮ್ಮೆ "ಓ!" ಬಂತು. ಸಮಾಧಾನದಿಂದ ನಡೆದಳು. ದಿಬ್ಬದ ಮೇಲಿನ ಕಂಬದ ಹತ್ತಿರ ನೋಡಿದರೆ ಮೂರೇ ಜನ.

"ಹಂಗಾರ ಓ ಅಂದೋರು ಯಾರು?"

"ನಾನೇ ಅಲ್ವಾ ಅಕ್ಕ. ತುಂಗಾ ಕರೆದದ್ದು ಅಂತ..." ಕಮಲಾಕ್ಷನ ಮುಖ ಸಪ್ಪಗಾಯಿತು. ತುಂಗಾ ಮನೆಯೊಳಗೆ ತುಳುವಿನಲ್ಲಿ ಏನನ್ನುತ್ತಿದ್ದಳೋ, ನಾಲ್ಕು ಜನರ ಮುಂದೆ ಅವಳಿಗೂ ಗಂಡ 'ರೀ'ಯೇ. ಮಂಜಿನಲ್ಲಿ ದನಿ ಮುಂದಿನದೋ ಹಿಂದಿನದೋ ಯಾರಿಗೆ ಗೊತ್ತಾಗಬೇಕು?

ರುದ್ರವ್ವ ತನ್ನ ಬ್ಯಾಗು ಮುಟ್ಟಿ ನೋಡಿಕೊಂಡಳು. ಗಂಡನ ಜಾಕೆಟ್ ಅವಳ ಬ್ಯಾಗಿನಲ್ಲೇ ಇತ್ತು. ಗಾಳಿ ಕೊರೆಯುತ್ತಿತ್ತು. ಮೊಬೈಲಿಗೆ ಸಿಗ್ನಲ್ ಇಲ್ಲ. ಅಂಗಿಯೊಂದರಲ್ಲೇ ಆ ಮನುಷ್ಯ ಕೆಸರಿನಲ್ಲಿ ಬಿದ್ದಿದ್ದರೆ ಸಂಜೆಯವರೆಗೆ ಉಳಿಯುತ್ತಾನೆಯೇ?

ಕಮಲಾಕ್ಷ ಕಂಬ ಹಿಡಿದು ಹಿಂದಕ್ಕೆ ಹುಡುಕುತ್ತಾ ಹೋದ. ಎದುರುಗಾಳಿ ಅವನ ಕೂಗನ್ನು ಇವರ ಕಡೆಗೇ ತಳ್ಳುತ್ತಿತ್ತು. ತುಂಗಾಳ ಗಂಟಲಿನಿಂದ ಬರೀ ಉಸಿರು. ರುದ್ರವ್ವ ಬಾಯ್ದೆರೆದು "ರೀ...!" ಎಂದಳು. ಕಮಲಾಕ್ಷ ಓಡುತ್ತಾ ಬಂದ.

"ಸಿಕ್ಕಿದ್ರಾ?"

"ಇಲ್ಲೋ ತಮ್ಮಾ, ನಾ ಅವರಿಗೆ ಕರದೆ."

ಅವನು ಮತ್ತೆ ಹೋದ, ಅವಳು ಮತ್ತೆ ಕರೆದಳು, ಅವನು ಮತ್ತೆ ಓಡಿ ಬಂದ. "ಅಕ್ಕಾ, ದಮ್ಮಯ್ಯ, ಹೆಸರು ಹಿಡಿದು ಕರೀರಿ! ಹೀಗಾದ್ರೆ ನಾನೂ ಕಳೆದುಹೋಗ್ತೇನೆ," ಎಂದು ಗೊಣಗಿ ಹೋದ.

ಹೆಸರು ಹಿಡಿದು! ಗಂಡನ ಹೆಸರು ಬಾಯಲ್ಲಿ ಬಂದರೆ ಅವನ ಆಯುಷ್ಯ ಸವೆಯುತ್ತದೆಂದು ಕೇಳುತ್ತಾ ಬೆಳೆದವಳು ಅವಳು. ಇಲ್ಲೇ ನೆಲೆಸಲು ತುಂಬಿದ ಪಿಆರ್ ಫಾರ್ಮಿನಲ್ಲಿ ಬರೆದಿದ್ದಳು, ಸರಿ, ಬರೆಯುವುದು ಬೇರೆ. ಬಾಯಿಬಿಟ್ಟು ಹೇಳಿದ್ದು ಮದುವೆ ಮನೆಗಳಲ್ಲಿ, ಅದೂ ಪ್ರಾಸ ಕಟ್ಟಿದ ಒಡಪಿನೊಳಗೆ ಸೇರಿಸಿ. ಈಗಲೂ ಅದೇ ನೆನಪಾಯಿತು. ಕಂಬ ಹಿಡಿದು ನಿಂತು ಕೂಗಿದಳು:

"ಬೆಳ್ಳಿ ಬಟ್ಟಲದಾಗ ಬೆಣ್ಣಿ ಸಕ್ಕರಿ, ಶಿವಬಸಪ್ಪನವರು ಅಂದರ ನನಗ ಅಕ್ಕರಿ!"

ಹೆಸರಿಗೆ ಬರುವಷ್ಟರಲ್ಲಿ ಉಸಿರೇ ಮುಗಿದಿತ್ತು.

"ಇದೇನು ಮದುವೆ ಮನೆಯಾ ಅಕ್ಕ?" ತುಂಗಾ ಕಟ್ಟಿದ ಗಂಟಲಿನಲ್ಲೇ ಗದರಿದಳು. "ಬರೀ ಹೆಸರು ಕೂಗಿ!"

ರುದ್ರವ್ವನಿಗೆ ಅಳು ಬಂತು, ಅಳುವಿನ ಹಿಂದೆಯೇ ಸಿಟ್ಟು. ಹೆಸರು ಹೇಳಿದರೆ ಆಯುಷ್ಯ ಒಂದಿಷ್ಟು ಕಡಿಮೆಯಾದೀತು. ಹೇಳದಿದ್ದರೆ ಇವತ್ತೇ ಮುಗಿದೀತು. ಹಾಳಾಗಿ ಹೋಗಲಿ ಶಾಸ್ತ್ರ! ಹೊಟ್ಟೆಯೊಳಗಿಂದ ದನಿ ಎತ್ತಿದಳು.

"ಏ ಶಿವಬಸ್ಯಾ...! ಶಿವಬಸ್ಯಾ, ಬಾರೋ...!"

ತುಂಗಾ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ರುದ್ರವ್ವ ನಿಲ್ಲಿಸಲಿಲ್ಲ. ಗಂಟಲು ಹರಿಯುವ ತನಕ ಕೂಗಿದಳು. ಕೊನೆಗೆ ಕಮಲಾಕ್ಷ ಹುಡುಕುತ್ತಿದ್ದ ಕಡೆಯಿಂದಲ್ಲ, ದಿಬ್ಬದ ಆಚೆ ಮಗ್ಗುಲಿಂದ "ಓ" ಎಂದು ಸಣ್ಣ ದನಿ ಬಂತು. ಅದರ ಹಿಂದೆ ಸೊಂಟದವರೆಗೆ ಕೆಸರು ಮೆತ್ತಿಕೊಂಡ, ಹಲ್ಲು ಕಟಕಟಿಸುವ ಶಿವಬಸಪ್ಪ.

ಅವಳು ಜಾಕೆಟ್ ಹೊದಿಸಿದಳು, ಕೈ ತಿಕ್ಕಿದಳು, "ಅಷ್ಟ ಕರದ್ರೂ ಕೇಳಲಿಲ್ಲೇನು?" ಎಂದು ಬೈದಳು.

"ಕೇಳಿತ್ತು. ಮೊದ್ಲ ಒಮ್ಮೆ 'ರೀ' ಕೇಳಿ ಕಂಬ ಬಿಟ್ಟು ಬಂದು ಕೆಸರಾಗ ಬಿದ್ದೆ. ಆಮ್ಯಾಲೆ ಕೇಳಿದ್ದು ನಿಂದೋ ತುಂಗಾಂದೋ ತಿಳೀಲಿಲ್ಲ. ಮಂಜು ಸರಿಯೂತನಕ ಏಳಬಾರದಂತ ಕಲ್ಲಿನ ಮ್ಯಾಲೆ ಕುಂತಿದ್ದೆ. ಕಣ್ಣ ಮುಚ್ಚಾಕತ್ತಿದ್ವು."

"ಮತ್ತ ಎದ್ದು ಬಂದ್ರಲ್ಲ?"

ಶಿವಬಸಪ್ಪ ಅವಳ ಮುಖವನ್ನೇ ನೋಡಿದ. "ಅವ್ವ ಕರದಳು ಅಂತ ಎದ್ದೆ," ಎಂದ. "ಆಕಿ ಹ್ವಾದ ಮ್ಯಾಲೆ ಹಂಗ ಯಾರೂ ನನ್ನ ಕರದಿಲ್ಲ."

ರುದ್ರವ್ವನಿಗೆ ಆಗ ಹೊಳೆಯಿತು. ಆ ಹೆಸರನ್ನು ಗಟ್ಟಿಯಾಗಿ ಕೂಗುವುದನ್ನು ಅವಳು ಕೇಳಿದ್ದದ್ದು ಅತ್ತೆಯ ಬಾಯಲ್ಲಿ ಮಾತ್ರ. ಬೇರೆ ಥರ ಕೂಗಲು ಅವಳಿಗೆ ಬರುತ್ತಲೇ ಇರಲಿಲ್ಲ.