ಇಂಟರ್ವಲ್ ಆದ ಮೇಲೆ

"‘ಗೃಹಿಣಿ’ ಅಂತ ಹಾಕಿದ್ರೆ ಸಾಕಲ್ವಾ ಮಹಾಬಲಣ್ಣ?" ಶ್ರೀಪತಿ ಪೆನ್ನಿನ ತುದಿ ಕಚ್ಚುತ್ತಾ ಕೇಳಿದರು.

ಒಳಗೆ ಹಾಲ್‌ನಲ್ಲಿ ಮಹಾಬಲರ ಹೆಂಡತಿ ಸರೋಜಿನಿಯ ದೇಹವನ್ನು ತಂದು ಮಲಗಿಸಿ ಎರಡು ಗಂಟೆಯಾಗಿತ್ತು. ಮಗಳು ವಿಜೇತಾ ಬಂದವರಿಗೆಲ್ಲ "ಆಸ್ಪತ್ರೆಯಲ್ಲಿ ಮೂರೇ ದಿನ" ಎಂದು ಹೇಳಿ ಹೇಳಿ ಸೋತಿದ್ದಳು. ಹೊರಗೆ ಬಾಲ್ಕನಿಯಲ್ಲಿ ಕನ್ನಡ ಸಂಘದ ಕಾರ್ಯದರ್ಶಿ ಶ್ರೀಪತಿ, ಸಂಘದ ನಡಾವಳಿ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಸಂತಾಪ ನಿರ್ಣಯ ಬರೆಯುತ್ತಿದ್ದರು. ಕೇರಳದಲ್ಲಿ ಇದೊಂದು ರೂಢಿ. ದಹನಕ್ಕೆ ಕೊಟ್ಟ ಕೂಡಲೇ ಯಾರೂ ಮನೆಗೆ ಓಡುವುದಿಲ್ಲ. ಶ್ಮಶಾನದ ಅಂಗಳದಲ್ಲೇ ಸಂತಾಪಸಭೆ ಮಾಡುತ್ತಾರೆ, ನಾಲ್ಕು ಜನ ಮಾತಾಡುತ್ತಾರೆ. ಕೊಚ್ಚಿಯ ಕನ್ನಡಿಗರೂ ಅದನ್ನೇ ಹಿಡಿದಿದ್ದರು. ಅಲ್ಲಿ ಓದಿದ ನಿರ್ಣಯ ಸಂಘದ ಪುಸ್ತಕದಲ್ಲಿ ಖಾಯಂ ಆಗಿ ಉಳಿಯುತ್ತಿತ್ತು.

ಶ್ರೀಪತಿ ಗಂಟಲು ಸರಿಮಾಡಿಕೊಂಡು ಓದಿದರು. "‘ಶ್ರೀಮತಿ ಸರೋಜಿನಿಯವರು ಆದರ್ಶ ಗೃಹಿಣಿ. ಅತಿಥಿಸತ್ಕಾರದಲ್ಲಿ ಎತ್ತಿದ ಕೈ. ನಮ್ಮ ಹೆಮ್ಮೆಯ ವಿಮರ್ಶಕರಾದ ಶ್ರೀ ಮಹಾಬಲರಿಗೆ ತಕ್ಕ ಮಡದಿ.’ ಅವಲಕ್ಕಿಯದ್ದೂ ಸೇರಿಸ್ಲಾ? ಅಕ್ಕನ ಸಜ್ಜಿಗೆ-ಅವಲಕ್ಕಿ ತಿನ್ನದವರು ಸಂಘದಲ್ಲಿ ಯಾರುಂಟು!"

"ಸೇರಿಸು" ಎಂದುಬಿಟ್ಟರು ಮಹಾಬಲ.

ಅಂದ ಮೇಲೆ ನಾಲಿಗೆ ಕಚ್ಚಿಕೊಂಡರು. ಆದರೆ ಬಾಯಿಂದ ಬಿದ್ದಾಗಿತ್ತು, ಶ್ರೀಪತಿ ಬರೆದೂ ಆಗಿತ್ತು. ನಲವತ್ತು ವರ್ಷದ ಸುಳ್ಳಿಗೆ ಈಗ ಅವಲಕ್ಕಿಯ ಒಗ್ಗರಣೆಯೂ ಬಿತ್ತು. ಸಂಜೆ ನಾಲ್ಕಕ್ಕೆ ಅದನ್ನು ಎಲ್ಲರೆದುರು ಓದುತ್ತಾರೆ. ಅಷ್ಟರೊಳಗೆ ತಾನು ಬಾಯಿ ಬಿಡದಿದ್ದರೆ ಇನ್ನು ಯಾವತ್ತೂ ಬಿಡುವುದಿಲ್ಲ ಎಂಬುದು ಮಹಾಬಲರಿಗೆ ಗೊತ್ತಿತ್ತು.

*

ನಲವತ್ತು ವರ್ಷದ ಹಿಂದೆ ಅವರು ತಿರುವನಂತಪುರದಲ್ಲಿದ್ದರು. ಮಹಾಬಲರಿಗೆ ಸೆಕ್ರೆಟೇರಿಯೆಟ್ಟಿನಲ್ಲಿ ಕೆಲಸ. ಕಾಸರಗೋಡಿನ ಕನ್ನಡಿಗರಿಗಾಗಿ ಕಾಯ್ದೆಗಳನ್ನು ಕನ್ನಡಕ್ಕೆ ತರುವುದು. ವಾರವಿಡೀ ‘ಸದರಿ ಪ್ರಕರಣದ ಉಪಪ್ರಕರಣ’ ಎಂದು ಬರೆದು ಬರೆದು ತಲೆ ಹಣ್ಣಾಗುತ್ತಿತ್ತು. ಮದುವೆಯಾದ ಹೊಸತರಲ್ಲಿ ಒಂದು ಎರಡನೇ ಶನಿವಾರ ಹೆಂಡತಿಯನ್ನು ಮ್ಯಾಟಿನಿಗೆ ಕರೆದುಕೊಂಡು ಹೋದರು. ಇಂಟರ್ವಲ್‌ನಲ್ಲಿ ಚಹಾ ಕುಡಿದರು, ಫ್ಯಾನಿನ ಕೆಳಗೆ ಬಂದು ಕೂತರು, ನಿದ್ದೆಹೋದರು. ಎಚ್ಚರವಾದಾಗ ಜನ ಏಳುತ್ತಿದ್ದರು.

ಹೊಸ ಹೆಂಡತಿ ಸಿಟ್ಟಾಗುತ್ತಾಳೆಂದುಕೊಂಡರೆ, ಬಸ್ ಸ್ಟಾಪಿನಲ್ಲಿ ಸರೋಜಿನಿ ಕೇಳಿದ್ದು ಒಂದೇ ಪ್ರಶ್ನೆ.

"ಎಲ್ಲಿವರೆಗೆ ನೋಡಿದ್ದೀರಿ?"

"ಅವನು ದೋಣಿ ಮಾರಿದಲ್ಲಿವರೆಗೆ."

ಅಲ್ಲಿಂದ ಮುಂದಿನ ಕತೆಯನ್ನು ಅವಳು ಬಸ್ಸು ಬರುವಷ್ಟರಲ್ಲಿ ಹೇಳಿ ಮುಗಿಸಿದಳು. ಕೊನೆಗೆ ತನ್ನದೊಂದು ಮಾತನ್ನೂ ಸೇರಿಸಿದಳು. "ನಮ್ಮನ್ನು ಅಳಿಸ್ಬೇಕು ಅಂತಲೇ ಆ ಅಜ್ಜಿಯನ್ನು ಕೊಂದದ್ದು. ಇಲ್ಲದಿದ್ರೆ ಆ ಪಾಪದ ಹೆಂಗಸು ಸಾಯುವ ಅಗತ್ಯ ಎಂಥ ಇತ್ತು?"

ಮರುದಿನ ಆದಿತ್ಯವಾರ. ಅಲ್ಲಿನ ಕನ್ನಡದವರು ಅವರ ಮನೆಯಲ್ಲೇ ಸೇರಿದ್ದರು. ಅದೇ ಸಿನೆಮಾದ ಮಾತು ಬಂತು. ಅವಲಕ್ಕಿಯ ತಟ್ಟೆ ಹಿಡಿದು ಬಂದ ಸರೋಜಿನಿ ಅಜ್ಜಿಯ ಸಾವಿನ ಮಾತನ್ನು ಅಂದಳು. ಎಲ್ಲರೂ ಒಮ್ಮೆ ನಕ್ಕರು. ಒಬ್ಬರು, "ಅಕ್ಕ, ಇನ್ನೊಂಚೂರು ಅವಲಕ್ಕಿ ಉಂಟಾ?" ಎಂದರು. ಹತ್ತು ನಿಮಿಷದ ಮೇಲೆ "ನೀವೆಂಥ ಹೇಳ್ತೀರಿ?" ಎಂದು ಮಹಾಬಲರನ್ನು ಕೇಳಿದಾಗ, ಪಾಪ, ಏನೂ ಗೊತ್ತಿಲ್ಲದ ಅವರು ಹೆಂಡತಿಯ ಮಾತನ್ನೇ ಹೇಳಿದರು. "ಆಹಾ! ಎಂಥ ಒಳನೋಟ ಮಾರಾಯ್ರೆ!" ಎಂದು ಇಡೀ ಕೋಣೆ ತಲೆದೂಗಿತು. ಅಡಿಗೆಮನೆಯ ಬಾಗಿಲಲ್ಲಿ ಸರೋಜಿನಿ ಸೌಟು ಹಿಡಿದು ನಿಂತಿದ್ದಳು.

ಜನ ಹೋದ ಮೇಲೆ ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಮಾತು ಒಂದೇ! ನಾನು ಹೇಳಿದ್ರೆ ಅವಲಕ್ಕಿ, ನೀವು ಹೇಳಿದ್ರೆ ಒಳನೋಟ. ಇನ್ನು ನೀವೇ ಹೇಳಿ. ಕೇಳಿಸಿಕೊಳ್ಳುವವರಾದ್ರೂ ಸಿಗ್ತಾರೆ."

ಮಹಾಬಲರೂ ನಕ್ಕರು. ಆ ಕೊನೆಯ ಮಾತಿನಲ್ಲಿ ನಗುವಂಥದ್ದೇನೂ ಇರಲಿಲ್ಲವೆಂದು ಅವರಿಗೆ ಹೊಳೆಯಲು ಬಹಳ ವರ್ಷ ಬೇಕಾಯಿತು.

ಸಿನೆಮಾದ ಹಿಂದೆ ಕಾದಂಬರಿಗಳೂ ಬಂದವು. ಅವಳು ಓದುತ್ತಿದ್ದಳು, ಇವರು ಹೇಳುತ್ತಿದ್ದರು. ನಿವೃತ್ತಿಯಾಗಿ ಕೊಚ್ಚಿಗೆ ಬಂದ ಮೇಲೆ ಸಂಘದ ಪತ್ರಿಕೆಯಲ್ಲಿ ಅಂಕಣವೇ ಶುರುವಾಯಿತು, ಇವರ ಫೋಟೊ ಸಮೇತ. "ಈ ಸಲ ನಿನ್ನ ಹೆಸರು ಹಾಕುವಾ" ಎಂದು ಮಹಾಬಲ ಆಗಾಗ ಹೇಳಿದ್ದುಂಟು. ಆ ಸಲ ಬರಲೇ ಇಲ್ಲ, ಅಷ್ಟೆ. ಹೊಗಳಿಕೆ ಬೆಲ್ಲದ ಹಾಗೆ. ಕೈಗೆ ಅಂಟಿದ್ದನ್ನು ನೆಕ್ಕಿಯೇ ಮುಗಿಸಬೇಕು.

*

ನಾಲ್ಕು ಗಂಟೆಗೆ ಶ್ಮಶಾನದ ಅಂಗಳದಲ್ಲಿ ಸುಮಾರು ನಲವತ್ತು ಮಂದಿ ಇದ್ದರು. ವಿದ್ಯುತ್ ಚಿತಾಗಾರದ ಕಬ್ಬಿಣದ ಬಾಗಿಲು ಮುಚ್ಚಿ ಐದು ನಿಮಿಷವಾಗಿತ್ತು. ಶ್ರೀಪತಿ ಪುಸ್ತಕ ಬಿಡಿಸಿ "ಆದರ್ಶ ಗೃಹಿಣಿ" ಎಂದು ಓದಲು ಶುರುಮಾಡಿದರು.

"ನಿಲ್ಲಿಸು ಶ್ರೀಪತಿ. ಮೊದಲು ನಾನು ಮಾತಾಡ್ಬೇಕು."

"ಅಪ್ಪ, ನೀವು ಕೂತ್ಕೊಳ್ಳಿ" ಎಂದು ವಿಜೇತಾ ತೋಳು ಹಿಡಿದಳು. ಅವರು ಬಿಡಿಸಿಕೊಂಡರು.

"ನಾನು ಈ ನಲವತ್ತು ವರ್ಷದಲ್ಲಿ ಒಂದೇ ಒಂದು ಸಿನೆಮಾವನ್ನೂ ಪೂರ್ತಿ ನೋಡಿದವನಲ್ಲ. ಇಂಟರ್ವಲ್ ಆದ ಕೂಡ್ಲೇ ನಿದ್ದೆ. ಮುಂದಿನ ಕತೆ ಹೇಳಿದ್ದು ಅವಳು. ಅಭಿಪ್ರಾಯವೂ ಅವಳದ್ದೇ. ಅಂಕಣದಲ್ಲಿ ನನ್ನದು ಅಂತ ಇದ್ದದ್ದು ಫೋಟೊ ಮಾತ್ರ."

ಯಾರೋ ಸಣ್ಣಗೆ ನಕ್ಕು ನಿಲ್ಲಿಸಿದರು. ದುಃಖದಲ್ಲಿ ಮುದುಕನಿಗೆ ತಲೆ ನಿಲ್ಲುತ್ತಿಲ್ಲ ಎಂದೇ ಬಹಳ ಮಂದಿ ಎಣಿಸಿದರು. ಮಹಾಬಲ ಹೈಕೋರ್ಟಿನ ವಕೀಲ ಕೃಷ್ಣಮೂರ್ತಿಯತ್ತ ತಿರುಗಿದರು.

"ಕೃಷ್ಣಮೂರ್ತಿ, ನಿನ್ನ ಕಾದಂಬರಿಯನ್ನು ನಾನು ಅರುವತ್ತನೇ ಪುಟದಲ್ಲೇ ಬಿಟ್ಟೆ. ‘ಕೊನೆಯ ನಲವತ್ತು ಪುಟ ಬರೇ ಕೋರ್ಟಿನ ವಾದ, ಕಿತ್ತು ಹಾಕಿದ್ರೆ ಪುಸ್ತಕ ಬದುಕ್ತದೆ’ ಅಂದದ್ದು ಅವಳು. ಬೆಂಡೆಕಾಯಿ ಕೊಯ್ಯುತ್ತಾ ಹೇಳಿದ್ದು."

ಕೃಷ್ಣಮೂರ್ತಿ ಕನ್ನಡಕ ತೆಗೆದ, ಒರೆಸಿದ, ಮತ್ತೆ ಹಾಕಿಕೊಂಡ.

"ಆ ನಲವತ್ತು ಪುಟ ನಾನು ಕಿತ್ತೇ ಹಾಕಿದ್ದು" ಎಂದ ನಿಧಾನವಾಗಿ. "ಹಾಗಾಗಿಯೇ ಅದು ಎರಡನೇ ಮುದ್ರಣ ಕಂಡದ್ದು. ಎಷ್ಟು ವರ್ಷ ನಿಮಗೆ ಕೈಮುಗಿದೆ ಮಾರಾಯ್ರೆ! ಅಕ್ಕನ ಹತ್ರ ಕಾಫಿಗೆ ಸಕ್ಕರೆ ಕಮ್ಮಿ ಅಂತ ಹೇಳಿದ್ದೇನೆ, ಅಷ್ಟೇ."

ಅವನು ಮಹಾಬಲರಿಗೆ ಬೆನ್ನು ಹಾಕಿ, ಆ ಕಬ್ಬಿಣದ ಬಾಗಿಲಿಗೆ ಮುಖಮಾಡಿ ನಿಂತು ಚಪ್ಪಾಳೆ ತಟ್ಟಿದ. ಒಬ್ಬನೇ, ಜೋರಾಗಿ. ಆಮೇಲೆ ವಿಜೇತಾ ತಟ್ಟಿದಳು, ಅಳುತ್ತಾ. ಆಮೇಲೆ ಎಲ್ಲರೂ. ಶ್ಮಶಾನದಲ್ಲಿ ಚಪ್ಪಾಳೆ! ಕಚೇರಿಯೊಳಗಿಂದ ಕೆಲಸದವರು ಗಾಬರಿಯಿಂದ ಹೊರಗೆ ಬಂದು ನೋಡಿದರು. ಚಪ್ಪಾಳೆ ನಿಲ್ಲಲಿಲ್ಲ. ಮಹಾಬಲರಿಗೆ ಎಷ್ಟು ಸಂತೋಷವಾಯಿತೆಂದರೆ, ಇಷ್ಟು ವರ್ಷ ತನಗೆ ಬಿದ್ದ ಚಪ್ಪಾಳೆಯನ್ನೆಲ್ಲ ಒಟ್ಟು ಸೇರಿಸಿದರೂ ಅಷ್ಟು ಆಗಿರಲಿಲ್ಲ.

ಶ್ರೀಪತಿ ಪುಸ್ತಕದಲ್ಲಿ ಉದ್ದಕ್ಕೆ ಗೀಟು ಹಾಕಿದರು. "‘ವಿಮರ್ಶಕಿ’ ಅಂತ ಬರೀತೇನೆ. ಅವಲಕ್ಕಿಯದ್ದನ್ನು ತೆಗೀಲಾ?"

"ಬೇಡ, ಇರಲಿ" ಎಂದರು ಮಹಾಬಲ. "ಅದೇನೂ ಸುಳ್ಳಲ್ಲ."

*

ಮನೆಗೆ ಮರಳುವಾಗ ಕಾರಿನ ಹಿಂದಿನ ಸೀಟಿನಲ್ಲಿ ಮಹಾಬಲರ ಪಕ್ಕ ಮೊಮ್ಮಗಳು ನವ್ಯಾ ಕೂತಿದ್ದಳು. ಕೊಚ್ಚಿಯಲ್ಲೇ ಬೆಳೆದ ಹದಿನಾರರ ಹುಡುಗಿ. ಅಜ್ಜ-ಅಜ್ಜಿ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಮಲಯಾಳದಲ್ಲೇ ಉತ್ತರ ಕೊಟ್ಟು ಅಭ್ಯಾಸ. ಹಿಂದಿನ ಆದಿತ್ಯವಾರ ಇಬ್ಬರನ್ನೂ ಸಿನೆಮಾಕ್ಕೆ ಕರೆದುಕೊಂಡು ಹೋದವಳು ಅವಳೇ. ಥಿಯೇಟರಿನಿಂದ ಹೊರಬರುವಾಗಲೇ ಸರೋಜಿನಿಗೆ ಎದೆ ಹಿಡಿದುಕೊಂಡಿತ್ತು.

"ಆ ಸಿನೆಮಾದ ಅರ್ಧ ನನಗೆ ಬಾಕಿಯೇ ಆಯ್ತು" ಎಂದರು ಮಹಾಬಲ, ಯಾರಿಗೆಂದಿಲ್ಲದೆ.

ಅಜ್ಜಿ ಆಸ್ಪತ್ರೆಯ ಮಂಚದಲ್ಲಿ ಅದರ ಬಗ್ಗೆ ಒಂದಿಡೀ ಮಧ್ಯಾಹ್ನ ತನ್ನ ಹತ್ತಿರ ಮಾತಾಡಿದ್ದಾಳೆ, ಡೈರೆಕ್ಟರನಿಗೆ ಚೆನ್ನಾಗಿ ಬೈದಿದ್ದಾಳೆ ಎಂದು ನವ್ಯಾ ಮಲಯಾಳದಲ್ಲಿ ಹೇಳಿದಳು. ಆಮೇಲೆ ಅಜ್ಜನ ಕಡೆ ತಿರುಗಿ ಕಾಲು ಮಡಚಿ ಕೂತಳು.

"ಎಲ್ಲಿವರೆಗೆ ನೋಡಿದ್ದೀರಿ?" ಎಂದು ಕೇಳಿದಳು, ಕನ್ನಡದಲ್ಲಿ.

ಕಾರು ವೈಟ್ಟಿಲದ ಸಿಗ್ನಲ್ಲಿನಲ್ಲಿ ನಿಂತಿತ್ತು. ಮಹಾಬಲ ಕನ್ನಡಕವನ್ನು ಮೂಗಿನ ಮೇಲಕ್ಕೆ ಸರಿಸಿ, ಬೆನ್ನು ನೇರ ಮಾಡಿ, ಕಣ್ಣು ದೊಡ್ಡದಾಗಿ ತೆರೆದು ಕೂತರು.