ಕರಡಿಗೆಯೊಳಗಿನ ಚೀಟಿ

ಅಯ್ಯನವರು ಶವದ ಕೊರಳಿನ ಕರಡಿಗೆಯ ಮುಚ್ಚಳ ತೆಗೆದು ಲಿಂಗಕ್ಕೆ ಕೈಹಾಕುವಷ್ಟರಲ್ಲಿ ಸೃಷ್ಟಿ ಕುಣಿಯ ಅಂಚಿಗೆ ಬಂದು, "ತಡೀರಿ, ಅದರಾಗ ಅಪ್ಪಂದೊಂದು ಚೀಟಿ ಅದ" ಎಂದಳು.

ಕಮಲಾಪುರದ ಹೊಲದಲ್ಲಿ ನೆರೆದವರೆಲ್ಲ ಅವಳತ್ತ ತಿರುಗಿದರು. ಅವಳ ಅಪ್ಪ ಅಮರನಾಥನನ್ನು ಕುಣಿಯ ಗೂಡಿನಲ್ಲಿ ಕೂರಿಸಿಯಾಗಿತ್ತು. ಲಿಂಗವನ್ನು ಅವನ ಎಡಗೈಯಲ್ಲಿಟ್ಟು, ವಿಭೂತಿ ಪತ್ರಿ ಹಾಕಿ, ಮಣ್ಣು ಎಳೆಯುವುದೊಂದೇ ಬಾಕಿ. ಲಿಂಗದ ಕೆಳಗೆ ನಿಜವಾಗಿಯೂ ಪ್ಲಾಸ್ಟಿಕ್ ಸುತ್ತಿದ, ನಾಲ್ಕು ಮಡಿಕೆಯ ಚೀಟಿ ಇತ್ತು. ಅಯ್ಯನವರು ಅದನ್ನು ಅಮರನಾಥನ ಹೆಂಡತಿ ಸುನಂದಾಳ ಕೈಗೆ ಹಾಕಿದರು. ನಿನ್ನೆಯಿಂದ ಆಕೆ ಅತ್ತಿರಲಿಲ್ಲ. ಅಳು ಬಂದಿರಲಿಲ್ಲ, ಅಷ್ಟೇ. ಚೀಟಿ ಬಂತು, ಹಿಡಿದಳು.

*

ಅಮರನಾಥ ಕಲಬುರಗಿಯ ಸೇಡಂ ರಸ್ತೆಯಲ್ಲಿ ಮೋಟಾರು ರಿಪೇರಿ ಮಾಡುವವನು. ಸುಟ್ಟ ಪಂಪಿನ ತಂತಿ ಬಿಚ್ಚುವುದು, ಹೊಸದು ಸುತ್ತುವುದು. ಇಪ್ಪತ್ತಾರು ವರ್ಷ ಇದೇ. ಮನೆಯಲ್ಲಿ ಬಾಯಿಬಿಟ್ಟರೆ ಹೆಚ್ಚು, ಮೊಬೈಲಿನಲ್ಲಿ ಮಾತ್ರ ಪುಣ್ಯಾತ್ಮ ಪುಟಗಟ್ಟಲೆ ಬರೆಯುತ್ತಿದ್ದ. ಮೋಟಾರು ಗುಂಯ್ ಅಂದರೆ ಏನು ಮಾಡಬೇಕು, ಯಾವ ತಂತಿ ಕಳಪೆ, ಎಲ್ಲ. ಒಮ್ಮೆ ಯಾವನೋ ಅವನದೇ ಹೆಸರು, ಫೋಟೋ ಹಾಕಿ ಇನ್ನೊಂದು ಖಾತೆ ತೆರೆದು ಕಳಪೆ ತಂತಿ ಮಾರಿದ. ಕೋಟನೂರಿನ ರೈತನೊಬ್ಬ ಸುಟ್ಟ ಮೋಟಾರು ತಂದು ಅಂಗಡಿ ಮುಂದೆ ಒಗೆದು ಬಾಯಿಗೆ ಬಂದಂತೆ ಬೈದು ಹೋದ. ಅಮರನಾಥ ಆ ಜಾಲತಾಣದ ಕಂಪನಿಗೆ ದೂರು ಕೊಟ್ಟ. ಕಂಪನಿಯವರು ಮುಚ್ಚಿದ್ದು ಇವನ ಖಾತೆಯನ್ನೇ.

ಆಮೇಲೆ ಮಗಳು ಒಡೆಯನಿಲ್ಲದ ಇನ್ನೊಂದು ಜಾಲ ತೋರಿಸಿದಳು. ಅಲ್ಲಿ ಕಂಪನಿಯಿಲ್ಲ, ಕಚೇರಿಯಿಲ್ಲ. ಇರುವುದು ಹನ್ನೆರಡು ಪದಗಳ ಒಂದು ಗುಟ್ಟಿನ ಕೀಲಿ. ಬರೆದ ಪ್ರತಿಯೊಂದರ ಮೇಲೂ ಆ ಕೀಲಿಯ ಸಹಿ ಬೀಳುತ್ತದೆ. ಅದು ಯಾರ ಬಳಿ ಇದೆಯೋ ಅವನೇ ಅಮರನಾಥ. ಕಳೆದರೆ ಇನ್ನೊಂದು ಕೊಡುವವರಿಲ್ಲ, ಕದ್ದರೆ ಬದಲಿಸಿಕೊಡುವವರಿಲ್ಲ. ಚೀಟಿಯಲ್ಲಿ ಬರೆದು ಎಲ್ಲಿಡುತ್ತೀ ಎಂದು ಸೃಷ್ಟಿ ಕೇಳಿದಾಗ ಅವನು ಕೊರಳಿನ ಕರಡಿಗೆ ತಟ್ಟಿದ.

"ಇದನ್ನ ಮೈಮ್ಯಾಲಿಂದ ಯಾರೂ ತಗ್ಯಂಗಿಲ್ಲವ್ವಾ."

ಸತ್ತಾಗ ಅದೂ ಜೊತೆಗೇ ಮಣ್ಣಿಗೆ ಹೋಗುತ್ತದೆಂದು ಅಪ್ಪನಿಗೂ ಹೊಳೆಯಲಿಲ್ಲ, ಮಗಳಿಗೂ ಹೊಳೆಯಲಿಲ್ಲ ನೋಡಿ.

*

ನಿನ್ನೆ ಬಾವಿಗೆ ಪಂಪು ಇಳಿಸುವಾಗ ಅಮರನಾಥ ಎದೆ ಹಿಡಿದುಕೊಂಡು ಕುಸಿದಿದ್ದ. ಫೋನು ಬಾವಿಗೆ ಬಿತ್ತು. ಕೀಲಿ ಉಳಿದದ್ದು ಈ ಚೀಟಿಯಲ್ಲೊಂದೇ. ಅಪ್ಪನ ಬರಹಕ್ಕೆ ಕಾಯುವ ಸಾವಿರದ ನೂರು ಜನಕ್ಕೆ ಅವನು ಹೋದ ಸುದ್ದಿ ತಿಳಿಸಬೇಕು. ಸೃಷ್ಟಿಗೆ ಬೇಕಿದ್ದದ್ದು ಅಷ್ಟೇ.

ಅಂಗಡಿಯಲ್ಲಿ ಅಣ್ಣನ ಜೊತೆಗೇ ದುಡಿದ ತಮ್ಮ ಯಶವಂತ ಅತ್ತಿಗೆಯ ಹತ್ತಿರ ಬಂದ. ಕೆಟ್ಟವನೇನಲ್ಲ, ಅತ್ತೂ ಅತ್ತೂ ಮುಖ ಬಾತಿತ್ತು.

"ವೈನಿ, ಚೀಟಿ ನನ್ನ ಕಡೆ ಇರ್ಲಿ. ಅಣ್ಣನ ಹೆಸರಿಗೇ ಗಿರಾಕಿ ಬರ್ತಾರ. ನಾ ಬರೀತೀನಿ, ಯಾರಿಗೂ ಗೊತ್ತಾಗಂಗಿಲ್ಲ."

ಸುನಂದಾ ಮಗಳನ್ನು ಕೇಳಿದಳು: "ಇವ ಬರದ್ರ ನಿಮ್ಮಪ್ಪನೇ ಬರದಂಗೇನು?"

"ಹೂಂ."

"ಒಮ್ಮೆ ಕೊಟ್ಟ ಮ್ಯಾಲ ಬದಲಿ ಮಾಡಾಕ ಬರ್ತದ?"

"ಬರಂಗಿಲ್ಲ."

"ನೀ ಬರದ್ರ?"

"ಅದೂ ಅಪ್ಪನೇ ಬರದಂಗ."

ಸುನಂದಾ ಮಡಿಕೆ ಬಿಚ್ಚಲಿಲ್ಲ. ಚೀಟಿಯನ್ನು ಅಯ್ಯನವರಿಗೆ ತಿರುಗಿ ಕೊಟ್ಟು, "ಅವರ ಕೈಯಾಗೇ ಇಡ್ರಿ" ಎಂದಳು. ಅಯ್ಯನವರು ಅದನ್ನು ಅಮರನಾಥನ ಅಂಗೈಯಲ್ಲಿಟ್ಟು ಮೇಲೆ ಲಿಂಗವಿಟ್ಟರು. ಯಶವಂತ ತಲೆ ತಗ್ಗಿಸಿ ಸಲಿಕೆ ಎತ್ತಿಕೊಂಡ. ಸೃಷ್ಟಿಗೆ ಅವ್ವನ ಮೇಲೆ ಸಿಟ್ಟು ಬಂತು. ಬಂದ ಹಾಗೆಯೇ ಹೋಯಿತು. ಸಿಟ್ಟು ಹಿಡಿದಿಟ್ಟುಕೊಳ್ಳುವಷ್ಟು ತ್ರಾಣವೂ ಅವಳಲ್ಲಿರಲಿಲ್ಲ.

ಮಣ್ಣು ಬೀಳುತ್ತಿರುವಾಗ ಅವಳು ಬಾಳೆಯ ಸಾಲಿನ ಬದಿಗೆ ಕೂತು, ಆ ಜಾಲದಲ್ಲಿ ತನ್ನ ಹೆಸರಿನಲ್ಲೇ ಖಾತೆ ತೆರೆದು, ಅಪ್ಪನ ಕೊನೆಯ ಬರಹದ ಕೆಳಗೆ ಬರೆದಳು: ನಾನು ಅಮರನಾಥರ ಮಗಳು. ಅಪ್ಪ ನಿನ್ನೆ ತೀರಿಕೊಂಡರು.

ಐದು ನಿಮಿಷಕ್ಕೆ ಉತ್ತರ ಬಂತು. ಯಾರೋ ಗುರುತಿಲ್ಲದವರು.

"ಅಣ್ಣಾರ ಹೆಸರು ಹೇಳಿ ಆಟ ಆಡಬ್ಯಾಡ್ರಿ. ನಿಮ್ಮಂಥೋರನ್ನ ಭಾಳ ನೋಡೀವಿ. ತೀರಿಕೊಂಡಾರಂದ್ರ ಅಣ್ಣಾರೇ ಖುದ್ದ ಹೇಳ್ಲಿ, ನಂಬ್ತೀವಿ."

ಅದರ ಕೆಳಗೆ ಆಗಲೇ ಒಂಬತ್ತು ಜನ ಹೌದು ಎಂದು ಒತ್ತಿದ್ದರು. ಕುಣಿಯ ಮೇಲೆ ನಾಲ್ವರು ಬರಿಗಾಲಲ್ಲಿ ಮಣ್ಣು ತುಳಿಯುತ್ತಿದ್ದರು.